ಕೋಪಕ್ಕೆ ಮುಂಚೆ ಬಿಚ್ಚಿಟ್ಟ ಲಿಂಗ

ಇದನ್ನು ಹೇಳದೆ ಬಹಳ ವರ್ಷ ತಳ್ಳಿದ್ದೇನೆ. ಮಗಳ ಮದುವೆ ಆಗಲಿ ಎಂದೆ, ಆಯಿತು. ಮೊಮ್ಮಗಳ ನಾಮಕರಣ ಆಗಲಿ ಎಂದೆ, ಅದೂ ಆಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೆಟ್ಟಗೆ ಕೂತು ಬರೆಯಬಹುದು ಎಂದೆ. ಪೊರೆ ತೆಗೆಸಿ ಎರಡು ವರ್ಷವಾಗಿದೆ, ಪೇಪರಿನ ಸಣ್ಣಕ್ಷರವೂ ಕಾಣುತ್ತದೆ. ನೆಪ ಬೇಕೆಂದವನಿಗೆ ಪಂಚಾಂಗದ ತುಂಬ ದಿನಗಳು ಸಿಗುತ್ತವೆ. ನನ್ನ ಪಾಲಿನವು ಮುಗಿದಿವೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ಲೇತ್ ಮೆಷಿನ್ ಮುಂದೆ ನಿಂತು ರಿಟೈರ್ ಆದೆ. ಈಗ ಬಸವೇಶ್ವರನಗರದಲ್ಲಿ ಕೆಳಗಿನ ಮನೆಯಲ್ಲಿ ನಾನು, ನನ್ನ ಹೆಂಡತಿ. ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಯವರು. ನಾವು ದಾವಣಗೆರೆ ಕಡೆಯ ಲಿಂಗಾಯತರು. ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗವನ್ನಿಟ್ಟು, ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುವವರು. ಪೂಜೆಯ ಹೊತ್ತಿನಲ್ಲಿ ಅಂಗೈಗೆ ತೆಗೆದುಕೊಳ್ಳುವುದನ್ನು ಬಿಟ್ಟರೆ ಅದು ಎದೆಯ ಮೇಲೇ ಇರಬೇಕು. ನಿದ್ದೆಯಲ್ಲಿ, ಕೆಲಸದಲ್ಲಿ, ಜ್ವರದಲ್ಲಿ, ಯಾವಾಗಲೂ. ಸಾಯುವವರೆಗೂ, ಸತ್ತ ಮೇಲೂ.

ಹೋದ ಶ್ರಾವಣದಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ನಮ್ಮ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಹಿರಿಯರದ್ದೊಂದು ಗುಂಪಿದೆ. ಭಾನುವಾರ ಬೆಳಿಗ್ಗೆ ಒಬ್ಬೊಬ್ಬರು ಕಾಲು ಗಂಟೆ ಏನಾದರೂ ಒಳ್ಳೆಯ ವಿಷಯ ಮಾತಾಡಬೇಕು. ಗುಂಪನ್ನು ನಡೆಸುವವರು ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಅವರು ನನ್ನನ್ನು ಗೇಟಿನ ಹತ್ತಿರ ಹಿಡಿದರು.

"ಮುಂದಿನ ಭಾನುವಾರ ನೀವು ಸಾರ್. ಕೋಪವನ್ನು ಗೆಲ್ಲುವುದು ಹೇಗೆ, ಇದೇ ಟಾಪಿಕ್ಕು. ನಿಮಗಿಂತ ಸರಿಯಾದೋರು ಇಲ್ಲ. ಇಷ್ಟು ವರ್ಷದಲ್ಲಿ ನಿಮ್ಮ ದನಿ ಏರಿದ್ದು ನಾನು ಕೇಳಿಲ್ಲ."

ಬೇಡ ಎನ್ನಬಹುದಾಗಿತ್ತು. ಎನ್ನಲಿಲ್ಲ. ಹೊಗಳಿಕೆ ಹಿತವಾಗಿತ್ತು, ಅದೇ ನಿಜ.

ಪಾರ್ಕಿನಲ್ಲಿ ನನ್ನ ಬೆಂಚಿಗೆ ಇನ್ನಿಬ್ಬರು ಬರುತ್ತಾರೆ. ಒಬ್ಬರು ಸರ್ದಾರ್ಜಿ. ಅವರಪ್ಪನ ಕಾಲದಿಂದ ಇಲ್ಲೇ ಲಾರಿ ಬಿಡಿಭಾಗಗಳ ಅಂಗಡಿ. ನನಗಿಂತ ಚುರುಕಾಗಿ ಕನ್ನಡ ಮಾತಾಡುತ್ತಾರೆ. ಇನ್ನೊಬ್ಬರು ಆರ್‌ಪಿಸಿ ಲೇಔಟಿನವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಹುಟ್ಟಿದ್ದು ಊರಾಚೆಯ ಕೇರಿಯಲ್ಲಿ. ಅವರ ಇಪ್ಪತ್ತೈದನೇ ವಯಸ್ಸಿಗೆ ಮನೆಮಂದಿಯೆಲ್ಲ ಬೌದ್ಧರಾದರು. ಭಾಷಣಕ್ಕೆ ಸಾಮಾನು ಬೇಕಿತ್ತು, ಆದ್ದರಿಂದ ಇಬ್ಬರನ್ನೂ ಕೇಳಿದೆ: ಕೋಪದ ವಿಷಯ ನಿಮ್ಮಲ್ಲಿ ಏನು ಹೇಳುತ್ತಾರೆ?

"ಕಳ್ಳ ಅಂತಾರೆ," ಎಂದರು ಸರ್ದಾರ್ಜಿ. "ಐದು ಜನ ಕಳ್ಳರು. ಕಾಮ, ಕ್ರೋಧ, ಲೋಭ, ಮೋಹ, ಅಹಂಕಾರ. ಒಳಗೇ ಕೂತಿರ್ತಾವೆ. ಮನೆಯೋನಿಗೆ ಗೊತ್ತಾಗೋ ಹೊತ್ತಿಗೆ ಪೆಟ್ಟಿಗೆ ಖಾಲಿ."

"ನಮ್ಮಲ್ಲಿ ಆರು ವೈರಿಗಳು," ಎಂದೆ. "ಅಹಂಕಾರ ತೆಗೆದು ಮದ, ಮಾತ್ಸರ್ಯ ಸೇರಿಸ್ಕೊಳ್ಳಿ."

"ನಿಮ್ದು ಓನ್ ಹೌಸು, ಮೇಲೊಂದು ಪೋರ್ಷನ್ ಬೇರೆ. ಒಬ್ಬ ಜಾಸ್ತಿ ಬರ್ಲೇಬೇಕಲ್ಲ ಸ್ವಾಮಿ."

ಗುಮಾಸ್ತರು ನಕ್ಕರು. "ನಮ್ಮೋರು ಮೂರಕ್ಕೇ ಮುಗಿಸಿದಾರೆ. ಲೋಭ, ದ್ವೇಷ, ಮೋಹ. ಮೂರೂ ಬೇರುಗಳು. ಕೋಪ ದ್ವೇಷದ ಬೇರಿಂದ ಚಿಗುರೋದು. ಬರೀ ರೆಂಬೆ ಕಡಿದ್ರೆ ಮತ್ತೆ ಚಿಗುರತ್ತೆ."

"ಮತ್ತೆ ಏನ್ಮಾಡ್ಬೇಕಂತೆ?"

"ಬಂದಾಗ, ಓ ಬಂದಿದೆ ಅಂತ ನೋಡ್ಬೇಕು. ಉಸಿರು ನೋಡಿದ ಹಾಗೆ."

"ನೋಡ್ತಾ ಕೂತ್ರೆ ಎದುರುಗಡೆಯೋನು ಎರಡು ಬಿಟ್ಟು ಮನೆಗೆ ಹೋಗಿರ್ತಾನೆ," ಎಂದರು ಸರ್ದಾರ್ಜಿ. ಆಮೇಲೆ ಸಿಖ್ಖರು ಕಟ್ಟಿಕೊಳ್ಳುವ ಕಿರುಗತ್ತಿ, ಸೊಂಟದ ಕಿರ್ಪಾಣ ಮುಟ್ಟಿ ಹೇಳಿದರು: "ಹಂಗಂತ ಇದನ್ನ ಸಿಟ್ಟಿಗೆ ಅಂತ ಕಟ್ಕೊಳ್ಳೋದಲ್ಲ. ಕೈಲಾಗದೋರ ಮೇಲೆ ಕೈ ಎತ್ತೋನ್ನ ತಡೆಯೋಕೆ. ಸಿಟ್ಟಲ್ಲಿ ತೆಗೆದ್ರೆ ಇದು ಬರೀ ಚಾಕು."

ಆ ಮಾತು ಎದೆಗೆ ಚುಚ್ಚಿತು. ಚುಚ್ಚಿದರೂ ಚೀಟಿಯಲ್ಲಿ ಬರೆದುಕೊಂಡೆ, ಭಾಷಣಕ್ಕೆ ಚೆನ್ನಾಗಿರುತ್ತದೆ ಎಂದು.

ಆ ಸಂಜೆ ಹಜಾರದಲ್ಲಿ ಕೂತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದೆ. ಆರು ವೈರಿಗಳು, ಐದು ಕಳ್ಳರು, ಮೂರು ಬೇರುಗಳು. ಕೊನೆಗೆ ನನ್ನದೇ ಒಂದು ವಾಕ್ಯ: "ಕೋಪ ಹೇಳದೆ ಕೇಳದೆ ಬರುತ್ತದೆ. ಬಂದಾಗ ನಾವು ನಾವಾಗಿರುವುದಿಲ್ಲ." ನನ್ನ ಹೆಂಡತಿ ಎದುರಿಗೆ ಚಾಪೆಯ ಮೇಲೆ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಬಲಗಿವಿ ನನ್ನ ಕಡೆಗಿತ್ತು. ಎಡಗಿವಿ ಅವಳಿಗೆ ಕೇಳಿಸುವುದಿಲ್ಲ.

"ಚೆನ್ನಾಗಿದೆ," ಎಂದಳು. ಇನ್ನೆರಡು ಕಡ್ಡಿ ಬಿಡಿಸಿದಳು. "ಕೋಪ ಬಂದಾಗ ಲಿಂಗ ಎಲ್ಲಿಡ್ಬೇಕು ಅಂತಾನೂ ಹೇಳ್ಬಿಡಿ. ಕೇಳೋರಿಗೆ ಅನುಕೂಲ ಆಗತ್ತೆ."

ದನಿ ಏರಿಸಲಿಲ್ಲ. ಸೊಪ್ಪಿನ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ಚೀಟಿ ಹಿಡಿದುಕೊಂಡು ಕೂತೇ ಇದ್ದೆ.

ಅವಳು ಹೇಳಿದ್ದು ಏನೆಂದು ಈಗ ಹೇಳಬೇಕು.

ನಮ್ಮಪ್ಪ ಒಂದು ಮಾತು ಹೇಳುತ್ತಿದ್ದರು: ಲಿಂಗ ಮೈಮೇಲಿದ್ದಾಗ ಯಾರ ಮೇಲೂ ಕೈ ಎತ್ತಬಾರದು. ಲಿಂಗ ಮೈಮೇಲೆ ಇಲ್ಲದ ಹೊತ್ತೇ ಇಲ್ಲವಾದ್ದರಿಂದ, ಕೈ ಎತ್ತಲೇಬಾರದು ಎಂದು ಅದರ ಅರ್ಥ. ಮಕ್ಕಳಿಗೂ ತಿಳಿಯುವ ಮಾತು. ನಾನು ಅದರಲ್ಲೊಂದು ಹಿತ್ತಲ ಬಾಗಿಲು ಹುಡುಕಿಕೊಂಡೆ. ಕೈ ಎತ್ತುವುದಕ್ಕೆ ಮುಂಚೆ ಲಿಂಗವನ್ನು ತೆಗೆದಿಡತೊಡಗಿದೆ.

ಆಗ ನಾವು ಸುಂಕದಕಟ್ಟೆಯಲ್ಲಿ ಬಾಡಿಗೆಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ. ನನಗೆ ಸಿಟ್ಟು ಬಂತು ಎಂದರೆ ಮೊದಲು ಶರ್ಟಿನ ಮೇಲಿನ ಎರಡು ಗುಂಡಿ ಬಿಚ್ಚುತ್ತಿದ್ದೆ. ಶಿವದಾರವನ್ನು ತಲೆಯ ಮೇಲಿಂದ ತೆಗೆಯುತ್ತಿದ್ದೆ. ಕರಡಿಗೆಯನ್ನು ನೆಲದ ಮೇಲೆ ಇಡುವ ಹಾಗಿಲ್ಲ. ದೇವರ ಗೂಡಿದ್ದದ್ದು ಅಡುಗೆಮನೆಯ ಮೂಲೆಯಲ್ಲಿ. ಅಲ್ಲಿಯವರೆಗೂ ಹೋಗಿಬರುವ ಮನಸ್ಸು ನನಗಿರಲಿಲ್ಲ. ಮೊದಲ ಸಲ ಅದನ್ನು ಹಿಡಿದುಕೊಂಡು ಆಚೀಚೆ ನೋಡಿದೆ. ಆಗ ಅವಳೇ ಎರಡೂ ಕೈ ಚಾಚಿದಳು. ಎಲ್ಲಿ ಬಿದ್ದುಹೋಗುತ್ತದೋ ಎಂಬ ಭಯ ಅವಳಿಗೆ. ಆಮೇಲೆ ಅದೇ ರೂಢಿಯಾಯಿತು. ನಾನು ಗುಂಡಿಗೆ ಕೈ ಹಾಕಿದರೆ ಅವಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಬೊಗಸೆ ಒಡ್ಡುತ್ತಿದ್ದಳು. ಕರಡಿಗೆಯನ್ನು ಆ ಬೊಗಸೆಗೆ ಹಾಕುತ್ತಿದ್ದೆ. ಬೊಗಸೆಯಲ್ಲಿ ಲಿಂಗ ಹಿಡಿದವಳಿಗೆ ಮುಖಕ್ಕೆ ಅಡ್ಡ ಹಿಡಿಯಲು ಕೈ ಉಳಿಯುತ್ತಿರಲಿಲ್ಲ. ಆಗ ಹೊಡೆಯುತ್ತಿದ್ದೆ.

ಇದನ್ನು ಓದುವವರು ಎಷ್ಟು ಸಲ ಎಂದು ಕೇಳಬಹುದು. ರೂಢಿ ಎಂದೆನಲ್ಲ, ಅಷ್ಟು ಸಲ.

ಒಂದು ದಿನದ್ದನ್ನಂತೂ ಬಿಡುವ ಹಾಗಿಲ್ಲ. ಮಗಳು ಒಂದನೇ ತರಗತಿಗೆ ಹೋಗುತ್ತಿದ್ದಳು. ಮಾಗಡಿ ರಸ್ತೆಯ ಒಂದು ಗಾರ್ಮೆಂಟ್ಸ್‌ಗೆ ಹೊಲಿಗೆ ಕೆಲಸಕ್ಕೆ ಸೇರುತ್ತೇನೆ ಎಂದು ನನ್ನ ಹೆಂಡತಿ ಕೇಳುತ್ತಲೇ ಇದ್ದಳು. ನಾನು ಬೇಡ ಎನ್ನುತ್ತಲೇ ಇದ್ದೆ. ಒಂದು ಮಧ್ಯಾಹ್ನ ಫಸ್ಟ್ ಶಿಫ್ಟ್ ಮುಗಿಸಿ ಬಂದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಕೀ ಕೊಟ್ಟು, "ಟೆಸ್ಟ್ ಕೊಡೋಕೆ ಹೋಗವ್ರೆ, ಪಾಪುನೂ ಕರ್ಕೊಂಡ್ ಹೋಗವ್ರೆ," ಎಂದರು. ಐದು ಗಂಟೆಗೆ ಮಗಳ ಕೈ ಹಿಡಿದುಕೊಂಡು ಬಂದಳು. ಮೆಟ್ಟಿಲಿನಲ್ಲೇ ಶುರು ಮಾಡಿದಳು:

"ತಗೊಂಡ್ರು ಕಣ್ರೀ. ಕಾಲರ್ ಹೊಲಿಯೋಕೆ ಕೂರಿಸಿದ್ರು. ಒಂದೇ ಸಲಕ್ಕೆ ಸರಿಯಾಯ್ತು. ಸೂಪರ್‌ವೈಸರ್ ಬೇರೆಯೋರಿಗೆಲ್ಲ ತೋರಿಸಿದ್ರು."

ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಆಮೇಲೆ ನೋಡಿಲ್ಲ. ನಾನು ಗುಂಡಿ ಬಿಚ್ಚಿದೆ. ಅವಳು ನೋಡಿದಳು, ಮಾತು ನಿಲ್ಲಿಸಿದಳು, ಬ್ಯಾಗನ್ನು ಗೋಡೆಗೆ ಒರಗಿಸಿ ಕೈ ಒಡ್ಡಿದಳು. ನನ್ನ ಬಲಗೈ ಏಟು ಅವಳ ಎಡಗಿವಿಗೆ ಬಿತ್ತು. ಬಾಗಿಲ ಚೌಕಟ್ಟಿಗೆ ತಾಗಿ ಕೆಳಗೆ ಕುಸಿದಳು. ಕುಸಿಯುವಾಗಲೂ ಬೊಗಸೆಯನ್ನು ಎದೆಯೆತ್ತರಕ್ಕೆ ಹಿಡಿದಿದ್ದಳು, ಕರಡಿಗೆ ನೆಲಕ್ಕೆ ತಾಗಲಿಲ್ಲ. ಎದ್ದು, ಅಡುಗೆಮನೆಗೆ ಹೋಗಿ, ಅದನ್ನು ಗೂಡಿನಲ್ಲಿಟ್ಟು, ಆಮೇಲೆ ಕಿವಿ ಹಿಡಿದುಕೊಂಡಳು.

ಮಾರನೆಯ ದಿನ ಕಿವಿಯಿಂದ ನೀರು ಬಂತು. ಕ್ಲಿನಿಕ್ಕಿನಲ್ಲಿ ಡಾಕ್ಟರು ಕೇಳಿದಾಗ ಬಚ್ಚಲಲ್ಲಿ ಜಾರಿಬಿದ್ದೆ ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದು ಎಂದು ತಲೆಯಾಡಿಸಿದೆ. ಕಿವಿಯ ತಮಟೆ ಹರಿದಿತ್ತು. ಅದು ಸರಿಹೋಗಲಿಲ್ಲ. ಅವಳು ಗಾರ್ಮೆಂಟ್ಸ್‌ಗೆ ಹೋಗಲಿಲ್ಲ. ಈಗ ಯಾರಾದರೂ ಕೇಳಿದರೆ ವಯಸ್ಸಾಯಿತಲ್ಲ, ಕಿವಿ ಮಂದ ಎಂದು ನಾನೇ ಮುಂದಾಗಿ ಹೇಳುತ್ತೇನೆ. ಹೇಳುತ್ತಿದ್ದೆ.

ಹೊಡೆಯುವುದನ್ನು ಬಿಟ್ಟದ್ದು ಯಾವ ಪ್ರವಚನ ಕೇಳಿಯೂ ಅಲ್ಲ. ಕೆಲವು ತಿಂಗಳ ಮೇಲೆ, ಯಾವುದೋ ಜಗಳಕ್ಕೆ ನನ್ನ ಕೈ ಮತ್ತೆ ಗುಂಡಿಗೆ ಹೋಯಿತು. ಹೋಂವರ್ಕ್ ಬರೆಯುತ್ತಿದ್ದ ಮಗಳು ಪೆನ್ಸಿಲ್ ಇಟ್ಟು ಎದ್ದು ಬಂದಳು. ನನ್ನ ಮುಂದೆ ನಿಂತು, ಅಮ್ಮನ ಹಾಗೆಯೇ ಎರಡೂ ಕೈ ಬೊಗಸೆ ಮಾಡಿ ಎತ್ತಿ ಹಿಡಿದಳು.

"ಕೊಡಪ್ಪ. ನಾನ್ ಹಿಡ್ಕೊತೀನಿ."

ಗುಂಡಿ ಹಾಕಿಕೊಂಡು ಹೊರಗೆ ಹೋದೆ. ಆಮೇಲೆ ಕೈ ಎತ್ತಿಲ್ಲ. ದನಿಯನ್ನೂ ಏರಿಸಿಲ್ಲ. ಮನೆ ಬದಲಾಯಿಸಿ ಈ ಬಡಾವಣೆಗೆ ಬಂದ ಮೇಲೆ ನನ್ನನ್ನು ಕಂಡವರೆಲ್ಲ ಶಾಂತ ಮನುಷ್ಯ ಎಂದರು. ಹೆದರಿದವನು ಸುಮ್ಮನಿದ್ದರೂ ಶಾಂತನ ಹಾಗೇ ಕಾಣುತ್ತಾನೆ. ಮಗಳು ಮೊದಲ ಹೆರಿಗೆಗೆ ಬಂದಿದ್ದಾಗ ಅವಳ ಹತ್ತಿರ ತಪ್ಪಾಯಿತು ಎಂದೆ. ಅವಳು ನನ್ನ ಕಡೆ ನೋಡದೆ ಹೇಳಿದಳು: "ನಂಗ್ಯಾಕಪ್ಪ ಹೇಳ್ತಿಯ? ಏಟು ತಿಂದೋಳು ಅಡುಗೆಮನೇಲಿದಾಳೆ." ಅಡುಗೆಮನೆ ಹತ್ತು ಹೆಜ್ಜೆ. ನಾನು ಹೋಗಲಿಲ್ಲ.

ಸೊಪ್ಪು ಬಿಡಿಸುತ್ತ ಅವಳು ಆ ಮಾತು ಹೇಳಿದ ಮರುದಿನ ಬೆಳಿಗ್ಗೆ ಬೆಂಚಿನ ಮೇಲೆ ಆ ಇಬ್ಬರಿಗೂ ಇದನ್ನೆಲ್ಲ ಹೇಳಿದೆ. ಮುಗಿದ ಮೇಲೆ ಸರ್ದಾರ್ಜಿ ಗಡ್ಡ ಸವರಿಕೊಂಡರು. ಆಮೇಲೆ ಕೇಳಿದರು:

"ನಿಮ್ಮಲ್ಲಿ ಹೆಂಗಸ್ರೂ ಕಟ್ಕೊಳ್ತಾರಲ್ವಾ, ಲಿಂಗ?"

"ಹೌದು."

"ಆಯಮ್ಮನ ಕೊರಳಲ್ಲಿ ಇರ್ಲಿಲ್ವಾ ಮತ್ತೆ, ನೀವು ಹೊಡೆಯೋವಾಗ?"

ಇತ್ತು. ಯಾವಾಗಲೂ ಇತ್ತು. ಸೆರಗಿನೊಳಗೆ, ಅವಳ ತಾಯಿ ಕಟ್ಟಿಸಿಕೊಟ್ಟ ಸಣ್ಣ ಕರಡಿಗೆ. ಅವಳು ಅದನ್ನು ಒಂದು ದಿನವೂ ತೆಗೆದಿಟ್ಟವಳಲ್ಲ. ನನ್ನ ಮೈಗೆ ಪಾಪ ಅಂಟಬಾರದೆಂದು ನನ್ನದನ್ನು ಬಿಚ್ಚಿಟ್ಟು, ಲಿಂಗ ಕಟ್ಟಿಕೊಂಡಿದ್ದವಳನ್ನು ಹೊಡೆಯುತ್ತಿದ್ದೆ. ನಲವತ್ತು ವರ್ಷದ ಸಂಸಾರದಲ್ಲಿ ನನಗೆ ಹೊಳೆಯದೇ ಇದ್ದದ್ದು ಒಬ್ಬ ಸರ್ದಾರ್ಜಿಗೆ ಒಂದು ನಿಮಿಷದಲ್ಲಿ ಕಂಡಿತು.

"ಕಳ್ಳ ಬಂದ ಅಂತ ನಾನಂತೂ ಹೇಳೋ ಹಾಗಿಲ್ಲ," ಎಂದೆ. "ಕಳ್ಳ ಎರಡು ಗುಂಡಿ ಬಿಚ್ಚೋವರೆಗೆ ಕಾಯಲ್ಲ."

ಗುಮಾಸ್ತರು ನನ್ನ ಕಡೆ ತಿರುಗಿದರು. "ನಮ್ಮಪ್ಪಂಗೆ ಊರಿನ ಹೋಟೆಲಲ್ಲಿ ಲೋಟ ಬೇರೆ ಇಡೋರು," ಎಂದರು. "ಆತ ಅದರಲ್ಲೇ ಕುಡಿದು, ತೊಳೆದಿಟ್ಟು, ಕೈ ಮುಗಿದು ಬರೋನು. ಕೋಪಾನೇ ಇಲ್ಲ, ದೇವರಂಥ ಮನುಷ್ಯ ಅಂತ ಊರೆಲ್ಲ ಹೊಗಳೋದು. ಮನೇಗ್ ಬಂದು ಗೋಡೆ ನೋಡ್ಕೊಂಡು ಕೂರೋನು. ಕೋಪ ವಿಷ ಅನ್ನೋದು ನಿಜಾನೇ ಸಾರ್, ನಾನು ದಿನಾ ಧ್ಯಾನಕ್ಕೆ ಕೂರ್ತೀನಿ. ಆದ್ರೂ ಶಾಂತಿ ಶಾಂತಿ ಅಂತ ಯಾರು ಯಾರಿಗೆ ಹೇಳ್ತಿದಾರೆ ಅಂತ ಮೊದ್ಲು ನೋಡ್ಬೇಕು. ಹೊಡೆಸ್ಕೊಂಡೋರಿಗೆ ಹೊಡೆದೋರು ಹೇಳ್ಬಾರ್ದು."

ಭಾನುವಾರ ಬಂತು. ಮೂವತ್ತು ಜನ ಇದ್ದಿರಬಹುದು. ನಾನು ಚೀಟಿ ತೆಗೆಯಲಿಲ್ಲ. ಕೋಪವನ್ನು ಗೆಲ್ಲುವುದು ಹೇಗೆಂದು ನನಗೆ ಗೊತ್ತಿಲ್ಲ, ಏಕೆಂದರೆ ಅದು ನನ್ನನ್ನು ಯಾವತ್ತೂ ಸೋಲಿಸಿರಲಿಲ್ಲ, ನಾನು ಹೇಳಿದ ಹಾಗೆ ಕೇಳುತ್ತಿತ್ತು ಎಂದೆ. ಲಿಂಗ ಬಿಚ್ಚುವವರೆಗೆ ಬಾಗಿಲಲ್ಲಿ ಕಾಯುತ್ತಿತ್ತು. ವರ್ಕ್‌ಶಾಪಿನ ಮಾಲೀಕ ಬೈದಾಗ ಬರುತ್ತಿರಲಿಲ್ಲ, ಬಸ್ಸಿನಲ್ಲಿ ಯಾರೋ ಕಾಲು ತುಳಿದಾಗ ಬರುತ್ತಿರಲಿಲ್ಲ, ಮನೆಗೇ ಬರುತ್ತಿತ್ತು. ಶಿವನಿಗೇ ಹಣೆಗಣ್ಣಿದೆ, ನಮಗೆ ಸಿಟ್ಟಿರಬಾರದೇ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಶಿವ ಅದನ್ನು ತೆರೆದದ್ದು ಬೊಗಸೆ ಒಡ್ಡಿ ನಿಂತವರ ಮೇಲಲ್ಲ ಎಂದೆ. ಕಿವಿಯ ವಿಷಯವನ್ನೂ ಹೇಳಿದೆ.

ಹೆಡ್‌ಮಾಸ್ಟರು ಗಡಿಯಾರ ನೋಡಿಕೊಂಡರು. "ಆಯ್ತು ಸಾರ್, ಹಳೇ ಕಾಲ. ಯಾರ ಮನೇಲಿರ್ಲಿಲ್ಲ ಹೇಳಿ. ಈಗ ಶಾಂತಿಮಂತ್ರ ಹೇಳೋಣ."

"ಹೆಂಗಸ್ರು ಕೂತಿದಾರೆ, ಇಲ್ಲಿ ಇದೆಲ್ಲ ಯಾಕೆ?" ಎಂದರು ಇನ್ನೊಬ್ಬರು.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ಹೆಂಗಸ್ರಿಗೆ ಗೊತ್ತಿಲ್ದೇ ಇರೋದೇನೂ ಅಲ್ಲ. ಹೇಳ್ಲಿ ಬಿಡಿ," ಎಂದರು.

ನಮ್ಮವರೇ ಒಬ್ಬ ಹಿರಿಯರು ಎದ್ದು ನನ್ನ ಹತ್ತಿರ ಬಂದರು. "ಲಿಂಗದ ವಿಷಯ ಪಾರ್ಕಲ್ಲಿ ಯಾಕೆ ತಂದ್ರಿ? ಬೇರೆಯೋರ ಮುಂದೆ ನಮ್ಮ ಮರ್ಯಾದೆ ಏನಾಗ್ಬೇಕು?"

"ಅದು ಹೋಗಿ ಮೂವತ್ತು ವರ್ಷ ಆಯ್ತು ಸ್ವಾಮಿ," ಎಂದೆ. "ನಿಮಗೆ ಸುದ್ದಿ ಮುಟ್ಟಿದ್ದು ಇವತ್ತು."

ಅವರು ಈಗ ನನ್ನ ಜೊತೆ ಮಾತಾಡುವುದಿಲ್ಲ. ಬೇಡ. ಗುಂಪಿನಿಂದಲೂ ನನಗೆ ಮತ್ತೆ ಕರೆ ಬಂದಿಲ್ಲ. ಅದೂ ಬೇಡ. ಕೋಪವನ್ನು ವೈರಿ ಎಂದವರು, ಕಳ್ಳ ಎಂದವರು, ಬೇರು ಎಂದವರು ಯಾರೂ ತಪ್ಪು ಹೇಳಲಿಲ್ಲ. ಅವರು ಎಚ್ಚರಿಸಲು ಹೇಳಿದ್ದನ್ನು ನನ್ನಂಥವರು ತಪ್ಪಿಸಿಕೊಳ್ಳಲು ಬಳಸಿಕೊಂಡೆವು. ಇನ್ನು ಯಾರಾದರೂ ನನ್ನ ಮುಂದೆ, ಪಾಪ, ಸಿಟ್ಟಿನ ಭರದಲ್ಲಿ ಮಾಡಿಬಿಟ್ಟ ಎಂದರೆ, ಅವನು ಮುಂಚೆ ಯಾವ ಗುಂಡಿ ಬಿಚ್ಚಿದ ಎಂದು ಕೇಳುತ್ತೇನೆ.

ಆ ಭಾನುವಾರ ಪಾರ್ಕಿನಿಂದ ಎದೆ ಸೆಟೆಸಿಕೊಂಡು ಮನೆಗೆ ಬಂದೆ. ನಿಜ ಹೇಳಿದ ಹೆಮ್ಮೆಯಿತ್ತು. ಸುದ್ದಿ ನನಗಿಂತ ಮುಂಚೆ ಫೋನಿನಲ್ಲಿ ಬಂದಿತ್ತು. ಅವಳು ಊಟದ ಮೇಜಿನ ಹತ್ತಿರ ಕೂತಿದ್ದಳು.

"ಪಾರ್ಕಲ್ಲಿ ಹೇಳಿದ್ರಂತೆ."

"ಹೇಳ್ದೆ."

"ಕಿವಿ ವಿಷ್ಯಾನೂ?"

"ಅದೂ."

"ನನ್ನನ್ನ ಒಂದು ಮಾತು ಕೇಳಿದ್ರಾ?"

ನಾನು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಕಿವಿ ನಂದು," ಎಂದಳು. "ಯಾರಿಗೆ ಹೇಳ್ಬೇಕು, ಯಾವಾಗ ಹೇಳ್ಬೇಕು, ಹೇಳ್ಲೇಬಾರ್ದೋ, ಅದನ್ನ ನಾನು ನೋಡ್ಕೊತಿದ್ದೆ. ಅದನ್ನೂ ನೀವೇ ತಗೊಂಡ್ರಿ. ಈಗ ಹಾಲು ತರೋಕ್ ಹೋದ್ರೆ ಎಲ್ಲರೂ ನನ್ನ ಕಿವಿ ನೋಡ್ತಾರೆ. ನಿಮ್ಮನ್ನ ಮಾತ್ರ, ಎಷ್ಟು ಧೈರ್ಯವಾಗಿ ಒಪ್ಕೊಂಡ್ರು ಅಂತಾರೆ."

ನನ್ನ ಹೆಮ್ಮೆಯೆಲ್ಲ ಅಲ್ಲೇ ಇಳಿಯಿತು. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತೆ. ತಪ್ಪಾಯಿತು ಎನ್ನಲು ಹೊರಟೆ, ತಪ್ಪಾ ಎನ್ನುವಷ್ಟು ಬಾಯಿಂದ ಬಂದಿತ್ತು, ಅವಳು ಅಂಗೈ ಎತ್ತಿ ತಡೆದಳು.

"ಬೇಡ. ನೀವು ಆ ಮಾತು ಅಂದ್ರೆ ನಾನು ಹೋಗ್ಲಿ ಬಿಡಿ ಅನ್ಬೇಕು. ಅನ್ನದೇ ಇದ್ರೆ, ಗಂಡ ಕ್ಷಮೆ ಕೇಳಿದ್ರೂ ಕರಗ್ಲಿಲ್ಲ ಅಂತ ನಾನೇ ಕೆಟ್ಟೋಳಾಗ್ತೀನಿ. ನಂಗೆ ಹೋಗ್ಲಿ ಬಿಡಿ ಅನ್ನೋಕೆ ಇಷ್ಟ ಇಲ್ಲ."

"ಇನ್ನೂ ಸಿಟ್ಟಿದ್ಯಾ?"

"ಇದೆ." ತುಸು ನಕ್ಕಳು ಕೂಡ. "ನಿಮ್ಮ ಸಿಟ್ಟಿಗೆ ಮೂರು ಮೂರು ಧರ್ಮ ಕೇಳ್ಕೊಂಡ್ ಬಂದ್ರಿ. ನಂದಕ್ಕೆ ಯಾರನ್ನ ಕೇಳ್ತೀರಿ? ದೇವಿಗೆ ಸಿಟ್ಟು ಬಂದ್ರೆ ಹರಕೆ, ಹೆಂಗಸಿಗೆ ಬಂದ್ರೆ ಗಯ್ಯಾಳಿ. ನಾನು ಅದನ್ನ ಯಾರ ಮೇಲೂ ಬಿಡ್ಲಿಲ್ಲ. ಕಳ್ಕೊಳ್ಳೋಕೂ ಇಷ್ಟ ಇಲ್ಲ. ಆ ಮಿಷಿನ್ ಮುಂದೆ ಕೂತಿದ್ದೋಳು ಇನ್ನೂ ಇದಾಳೆ ಅಂತ ನಂಗೆ ಗೊತ್ತಾಗೋದೇ ಅದರಿಂದ."

ಅವಳು ತಟ್ಟೆ ಹಾಕಿದಳು. ಉಪ್ಪಿಟ್ಟು ತಣ್ಣಗಾಗಿತ್ತು, ಬಿಸಿ ಮಾಡಿಕೊಡುವುದಕ್ಕೆ ಏಳಲಿಲ್ಲ. ನಾನೇ ಎದ್ದು ಬಿಸಿ ಮಾಡಿಕೊಂಡೆ. ಆವತ್ತಿನಿಂದ ಮನೆಯಲ್ಲಿ ಹೀಗೇ ನಡೆಯುತ್ತಿದೆ. ಬೇಡದ್ದನ್ನು ಬೇಡ ಎನ್ನುತ್ತಾಳೆ. ನಾನು ಕರೆದರೆ, ಇಷ್ಟವಿದ್ದರೆ ಓಗೊಡುತ್ತಾಳೆ. ಮಗಳು ಫೋನಿನಲ್ಲಿ, "ಅಮ್ಮ ಯಾಕೆ ಇಷ್ಟು ಜೋರಾಗಿದಾಳೆ?" ಎಂದು ಕೇಳಿ ನಕ್ಕಳು.

ಇದನ್ನು ಬರೆಯುವ ಮುಂಚೆ ಈ ಸಲ ಕೇಳಿದೆ: ಬರೆಯಲೇ, ಕಿವಿಯ ವಿಷಯ ಬರೆಯಲೇ? ಎರಡು ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ, "ಬರೀರಿ. ಬರೆದಿದ್ದನ್ನ ಕ್ಷಮೆ ಅಂತ ಮಾತ್ರ ಅಂದ್ಕೋಬೇಡಿ," ಎಂದಳು.

ಅಂದುಕೊಂಡಿಲ್ಲ. ಓದುವವರೂ ಅಂದುಕೊಳ್ಳಬೇಡಿ. ವಯಸ್ಸಾದ ದಂಪತಿ, ಈಗಲಾದರೂ ಒಂದಾಗಲಿ ಎಂದು ಅವಳಿಗೆ ಬುದ್ಧಿ ಹೇಳಲು ಬರುವವರಿಗೆ ನನ್ನ ಬಾಗಿಲು ತೆರೆಯುವುದಿಲ್ಲ. ಅವಳ ಕೋಪ ಅವಳಿಗೆ ಬೇಕಾದಷ್ಟು ದಿನ ಇರಲಿ, ನಾನು ಸಾಯುವವರೆಗೂ ಇರಲಿ. ಅದರ ಕಾವಲಿಗೆ ನಾನಿದ್ದೇನೆ. ಮಗಳ ಹತ್ತಿರ ಕ್ಷಮೆ ಕೇಳಿದೆ, ಪಾರ್ಕಿನಲ್ಲಿ ಮೂವತ್ತು ಜನರ ಮುಂದೆ ಒಪ್ಪಿಕೊಂಡೆ, ಈಗ ನಿಮ್ಮ ಮುಂದೆಯೂ ಒಪ್ಪಿಕೊಂಡಿದ್ದೇನೆ. ಕೇಳಬಹುದಾಗಿದ್ದ ಮೂವತ್ತು ವರ್ಷ ಕೇಳದೆ, ಕೇಳಹೊರಟ ದಿನ ಬೇಡ ಎನ್ನಿಸಿಕೊಂಡು, ಇವತ್ತಿಗೂ ಕ್ಷಮೆ ಕೇಳದೇ ಉಳಿದಿರುವುದು ಒಬ್ಬರ ಹತ್ತಿರ ಮಾತ್ರ. ಅವಳು ನನ್ನ ಹೆಂಡತಿ.